ನಿದಾನ ಮತ್ತು ಚಿಕಿತ್ಸೆ: ಅರ್ಬುದರೋಗವನ್ನು ಕುರಿತ ಮೂರು ಗ್ರಂಥಗಳು

೧

ರೋಗವನ್ನು ವಸ್ತುವಾಗಿ ಮಾಡಿಕೊಂಡ ಬರವಣಿಗೆಯನ್ನು ವೈದ್ಯಶಾಸ್ತ್ರದ ಪಾಲಿಗೆ ಬಿಟ್ಟುಬಿಡುವುದು ಸಾಹಿತ್ಯವಿಮರ್ಶಕರಲ್ಲಿ ರೂಢಿಯಾಗಿದೆ. ಶಾಸ್ತ್ರಗ್ರಂಥದ ಗುಣದೋಷಗಳನ್ನು ಶಾಸ್ತ್ರಜ್ಞರೇ ಹೇಳಬೇಕೆಂಬುದು ನ್ಯಾಯವಾದ ಮಾತೇ. ಆದರೆ ಶಾಸ್ತ್ರವಿಷಯವನ್ನು ಸಾಮಾನ್ಯ ವಾಚಕನಿಗೆ ಕಥೆಯಾಗಿ ಹೇಳಹೊರಟ ಗ್ರಂಥಕ್ಕೆ ಬೇರೆ ಕೆಲವು ಹೊಣೆಗಳು ಬರುತ್ತವೆ. ಅದು ಇತಿವೃತ್ತವನ್ನು ಕಟ್ಟಬೇಕು; ನಾಯಕನನ್ನು ಆರಿಸಬೇಕು; ಯಾವುದನ್ನು ವಿಸ್ತರಿಸಬೇಕು, ಯಾವುದನ್ನು ಸೂಚಿಸಿ ಮುಂದೆ ಹೋಗಬೇಕು ಎಂಬುದನ್ನು ನಿಶ್ಚಯಿಸಬೇಕು. ಈ ಹೊಣೆಗಳನ್ನು ಹೊತ್ತೊಡನೆಯೇ ಅದು ಸಾಹಿತ್ಯವಿಚಾರಕ್ಕೆ ಒಳಪಡುತ್ತದೆ. ಆ ಆಯ್ಕೆಗಳು ಶಾಸ್ತ್ರದಿಂದ ಬಂದವಲ್ಲ, ಕಥನಕಲೆಯಿಂದ ಬಂದವು. ಅವುಗಳ ಫಲವಾದರೋ ಪುಸ್ತಕದ ಹೊರಗೆ, ಜನಗಳ ನಂಬಿಕೆಯಲ್ಲಿಯೂ ರಾಜ್ಯದ ವೆಚ್ಚದಲ್ಲಿಯೂ ಕಾಣಿಸಿಕೊಳ್ಳತಕ್ಕದ್ದು.

ಅರ್ಬುದರೋಗವನ್ನು, ಎಂದರೆ ಈಗ ಎಲ್ಲರ ಬಾಯಲ್ಲಿಯೂ ಕ್ಯಾನ್ಸರ್ ಎಂದೇ ಸಲ್ಲುತ್ತಿರುವ ವ್ಯಾಧಿಯನ್ನು, ಕುರಿತ ಮೂರು ಗ್ರಂಥಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಒಂದನೆಯದು ಸಿದ್ಧಾರ್ಥ ಮುಖರ್ಜಿಯವರು ೨೦೧೦ರಲ್ಲಿ ಪ್ರಕಟಿಸಿದ ‘ಸಕಲ ವ್ಯಾಧಿಗಳ ಚಕ್ರವರ್ತಿ’. ‘ಅರ್ಬುದದ ಜೀವನಚರಿತ್ರೆ’ ಎಂಬುದು ಅದರ ಉಪನಾಮ. ಎರಡನೆಯದು ಅಮೆರಿಕದ ವಿದುಷಿ ರೇಚಲ್ ಕಾರ್ಸನ್ ಅವರು ೧೯೬೨ರಲ್ಲಿ ಪ್ರಕಟಿಸಿದ ‘ಮೌನವಸಂತ’, ಅದರಲ್ಲಿಯೂ ವಿಶೇಷವಾಗಿ ಹದಿನಾಲ್ಕನೆಯ ಅಧ್ಯಾಯ. ಮೂರನೆಯದು ರಷ್ಯದ ಅಲೆಕ್ಸಾಂಡರ್ ಸೋಲ್ಜೆನಿತ್ಸಿನ್ ಅವರ ‘ಕ್ಯಾನ್ಸರ್ ವಾರ್ಡು’ ಎಂಬ ಕಾದಂಬರಿ. ಸ್ವದೇಶದಲ್ಲಿ ಅಚ್ಚಿಗೆ ಅವಕಾಶ ದೊರೆಯದೆ ೧೯೬೮ರಲ್ಲಿ ಹೊರನಾಡುಗಳಲ್ಲಿ ಪ್ರಕಟವಾದುದು. ಇವುಗಳಲ್ಲಿ ಒಂದು ಚರಿತ್ರೆ, ಒಂದು ಅಭಿಯೋಗ, ಒಂದು ಕಲ್ಪಿತಕಥೆ. ಕಾಲಕ್ರಮವನ್ನು ಬಿಟ್ಟು ಈ ಕ್ರಮವನ್ನು ಹಿಡಿದಿರುವುದಕ್ಕೆ ಕಾರಣ ಮುಂದೆ ಸ್ಪಷ್ಟವಾಗುವುದು.

ನಮ್ಮ ಪ್ರಾಚೀನ ವೈದ್ಯದಲ್ಲಿ ಸುಶ್ರುತಸಂಹಿತೆಯು ಅರ್ಬುದವನ್ನು ಹೇಳಿರುವುದು ನಿದಾನಸ್ಥಾನದಲ್ಲಿ. ಗ್ರಂಥಿ, ಅಪಚಿ, ಗಲಗಂಡಗಳೊಡನೆ ಅದನ್ನು ಎಣಿಸಿ, ಅದು ಪಾಕವಾಗದೆಂಬುದನ್ನೂ, ಒಂದೆಡೆ ಹುಟ್ಟಿದ ಮೇಲೆ ಅಲ್ಲಿಯೇ ಅಥವಾ ಬೇರೊಂದೆಡೆ ಮತ್ತೊಂದು ಹುಟ್ಟಬಹುದೆಂಬುದನ್ನೂ ಆ ಗ್ರಂಥವು ಗುರುತಿಸಿದೆ. ಚಿಕಿತ್ಸೆ ಬರುವುದು ಆಮೇಲೆ, ಬೇರೊಂದು ಸ್ಥಾನದಲ್ಲಿ. ಮೊದಲು ಕಾರಣ, ಅನಂತರ ಉಪಾಯ. ಉಪಾಯಗಳಲ್ಲಿಯೂ ‘ನಿದಾನಪರಿವರ್ಜನ’ವೇ, ಎಂದರೆ ಕಾರಣವನ್ನು ದೂರಮಾಡುವುದೇ, ಮೊದಲನೆಯದು. ಸುಶ್ರುತನು ಹೇಳಿದ ಕಾರಣಗಳು ಈಗ ನಿಲ್ಲುವುವೆಂದು ನಾವು ಹೇಳುತ್ತಿಲ್ಲ. ಮುಷ್ಟಿಪ್ರಹಾರದಿಂದ ಮಾಂಸಾರ್ಬುದ ಹುಟ್ಟುವುದೆಂಬುದನ್ನು ಇಂದಿನ ವೈದ್ಯರು ಒಪ್ಪಲಾರರು. ನಾವು ಎತ್ತಿ ತೋರಿಸಬೇಕೆಂದಿರುವುದು ಆ ಪ್ರಕರಣಗಳ ಕ್ರಮವನ್ನು ಮಾತ್ರ. ಆಧುನಿಕ ಕಾಲದ ಅರ್ಬುದಸಾಹಿತ್ಯದಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಚಿಕಿತ್ಸೆಯು ಕಥೆಯಾಗಿದೆ, ನಿದಾನವು ಅನುಬಂಧವಾಗಿದೆ. ಹೀಗೇಕೆ ಆಯಿತೆಂಬುದೇ ನಮ್ಮ ಪ್ರಶ್ನೆ.

೨

ಮುಖರ್ಜಿಯವರ ಗ್ರಂಥವು ಆರು ಭಾಗಗಳ ಮಹಾಪ್ರಬಂಧ. ಗ್ರಂಥಕರ್ತರು ದೆಹಲಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ವೈದ್ಯರಾಗಿರುವವರು; ಗ್ರಂಥಕ್ಕೆ ೨೦೧೧ರಲ್ಲಿ ಪುಲಿಟ್ಜರ್ ಪಾರಿತೋಷಿಕ ದೊರೆಯಿತು. ವಿಷಯವಿಸ್ತಾರದಲ್ಲಿ ಇದಕ್ಕೆ ಸಮನಾದ ಪುಸ್ತಕವು ಸಾಮಾನ್ಯ ವಾಚಕರಿಗಾಗಿ ಹಿಂದೆ ಬಂದಿರಲಿಲ್ಲವೆನ್ನಬಹುದು. ಇದರ ಕಥನಶಕ್ತಿಯ ಮೂಲವು ಪ್ರಾಯೋಗಿಕ ಚಿಕಿತ್ಸೆಯ ಚರಿತ್ರೆಯಲ್ಲಿದೆ. ಒಂದು ಉದಾಹರಣೆಯನ್ನು ನೋಡೋಣ.

೧೯೪೭ರಲ್ಲಿ ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಯೊಂದರಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರಿದ್ದರು. ಅವರ ಕೆಲಸ ಸತ್ತ ಮಕ್ಕಳ ಅವಯವಗಳನ್ನು ಪರೀಕ್ಷಿಸುವುದು. ರಕ್ತದ ಅರ್ಬುದವಾದ ಲ್ಯುಕೇಮಿಯದಿಂದ ಮಕ್ಕಳು ವಾರಗಳಲ್ಲಿ ತೀರಿಹೋಗುತ್ತಿದ್ದುದನ್ನು ಕಂಡು ಅವರು ಶವಪರೀಕ್ಷೆಯ ಕೋಣೆಯಿಂದ ಬದುಕಿರುವ ರೋಗಿಗಳ ಕಡೆಗೆ ತಿರುಗಿದರು. ಮೊದಲು ಫೋಲಿಕ್ ಆಮ್ಲ ಎಂಬ ಪೋಷಕದ್ರವ್ಯದ ಜಾತಿಯ ಔಷಧವನ್ನು ಕೊಟ್ಟು ನೋಡಿದರು. ರೋಗವು ಇಳಿಯುವುದರ ಬದಲು ವೇಗವಾಗಿ ಬೆಳೆಯಿತು. ಪೋಷಕವು ರೋಗವನ್ನು ಬೆಳೆಸಿದರೆ ಅದಕ್ಕೆ ವಿರೋಧಿಯಾದುದು ರೋಗವನ್ನು ತಡೆದೀತೆಂದು ಅವರು ತರ್ಕಿಸಿದರು. ಅಂಥ ವಿರೋಧಿದ್ರವ್ಯಗಳನ್ನು ತಯಾರಿಸಿ ಕೊಟ್ಟವರು ಲೆಡರ್ಲೆ ಪ್ರಯೋಗಶಾಲೆಯಲ್ಲಿದ್ದ ಯಲ್ಲಾಪ್ರಗಡ ಸುಬ್ಬರಾವ್ ಎಂಬ ಆಂಧ್ರದೇಶದ ವಿಜ್ಞಾನಿ. ೧೯೪೮ರ ಜೂನ್ ತಿಂಗಳಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಲ್ಲಿ ೧೬ ಮಕ್ಕಳಿಗೆ ಅಮಿನಾಪ್ಟೆರಿನ್ ಕೊಟ್ಟುದಾಗಿಯೂ ಅವರಲ್ಲಿ ೧೦ ಮಂದಿಗೆ ಗುಣ ಕಂಡುದಾಗಿಯೂ ಹೇಳಿದೆ. ಗುಣವು ತಾತ್ಕಾಲಿಕ, ಕೆಲವು ತಿಂಗಳಲ್ಲಿ ರೋಗ ಮರಳಿತು. ಆದರೆ ಮಕ್ಕಳ ತೀವ್ರ ಲ್ಯುಕೇಮಿಯವು ಔಷಧಕ್ಕೆ ಬಗ್ಗಿದುದು ಅದೇ ಮೊದಲು. ಅದೇ ವರ್ಷದ ಆಗಸ್ಟಿನಲ್ಲಿ ಸುಬ್ಬರಾವ್ ತೀರಿಕೊಂಡರು.

ಈ ವೃತ್ತಾಂತದಲ್ಲಿ ನಾಟಕಲಕ್ಷಣಕಾರರು ಹೇಳುವ ಐದು ಅವಸ್ಥೆಗಳೂ ಇವೆ: ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಕೊನೆಗೆ ಎಷ್ಟೇ ಅಲ್ಪವಾದರೂ ಫಲಾಗಮ. ನಾಯಕನುಂಟು, ಪ್ರತಿನಾಯಕನುಂಟು, ಹಾಸಿಗೆಯ ಮೇಲೆ ಹೆಸರುಳ್ಳ ಒಂದು ಮಗುವುಂಟು. ವೀರವೂ ಕರುಣವೂ ತಾವಾಗಿ ಒದಗಿಬರುತ್ತವೆ. ಗ್ರಂಥಕರ್ತರು ಇಲ್ಲಿ ಹೆಚ್ಚು ಶ್ರಮಪಡಬೇಕಾಗಿಲ್ಲ. ವಸ್ತುವೇ ಕಥೆಯ ಆಕಾರದಲ್ಲಿದೆ.

ಚಿಕಿತ್ಸೆಯ ವೈಭವವನ್ನು ಮಾತ್ರ ಹೇಳಿ ವೈಫಲ್ಯವನ್ನು ಮುಚ್ಚಿದರೆಂಬ ದೋಷಾರೋಪಣೆಗೆ ಮುಖರ್ಜಿಯವರು ಪಾತ್ರರಲ್ಲ. ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯರು ೧೯ನೆಯ ಶತಮಾನದ ಕೊನೆಯಲ್ಲಿ ಸ್ತನಾರ್ಬುದಕ್ಕಾಗಿ ಎದೆಯ ಮಾಂಸಖಂಡಗಳನ್ನೂ ಕೂಡಿಸಿ ಕತ್ತರಿಸುವ ಪದ್ಧತಿಯನ್ನು ಆಚರಣೆಗೆ ತಂದರು. ಬರ್ನಾರ್ಡ್ ಫಿಷರ್ ಅವರು ೧೯೭೧ರಲ್ಲಿ ಆರಂಭಿಸಿದ ಪರೀಕ್ಷೆಯಲ್ಲಿ ಆ ಘೋರ ಶಸ್ತ್ರಕ್ರಿಯೆಯಿಂದ ಆಯುಸ್ಸು ಹೆಚ್ಚುವುದಿಲ್ಲವೆಂದು ತಿಳಿಯುವ ವೇಳೆಗೆ ಎಷ್ಟೋ ತಲೆಮಾರಿನ ಸ್ತ್ರೀಯರು ಅದಕ್ಕೆ ಒಳಗಾಗಿದ್ದರು. ೧೯೯೦ರ ದಶಕದಲ್ಲಿ ಅದೇ ವ್ಯಾಧಿಗೆ ಅತಿಪ್ರಮಾಣದ ವಿಷೌಷಧವನ್ನು ಕೊಟ್ಟು, ಆಮೇಲೆ ಅಸ್ಥಿಮಜ್ಜೆಯನ್ನು ಮರಳಿ ತುಂಬುವ ಪ್ರಯೋಗವು ಸಾವಿರಾರು ಮಂದಿಯ ಮೇಲೆ ನಡೆಯಿತು. ಅದಕ್ಕೆ ಬಲವಾದ ಆಧಾರವನ್ನು ೧೯೯೯ರಲ್ಲಿ ಮುಂದಿಟ್ಟ ದಕ್ಷಿಣ ಆಫ್ರಿಕದ ಬೆಜ್ವೋಡ ಎಂಬ ವೈದ್ಯರ ಲೆಕ್ಕಗಳು ಕೃತ್ರಿಮವೆಂದು ೨೦೦೦ದಲ್ಲಿ ಹೊರಬಿತ್ತು. ಇವೆಲ್ಲವನ್ನೂ ಗ್ರಂಥಕರ್ತರು ನಿರ್ದಾಕ್ಷಿಣ್ಯವಾಗಿ ಬರೆದಿದ್ದಾರೆ. ಆದರೆ ವೈಫಲ್ಯವೂ ಚಿಕಿತ್ಸೆಯ ಕಥೆಯೇ ಎಂಬುದನ್ನು ಗಮನಿಸಬೇಕು. ಸೋತ ವೀರನೂ ವೀರನೇ. ಮೋಸಗಾರನೂ ಒಂದು ಪಾತ್ರವೇ.

ನಿದಾನಕ್ಕೆ ಮೀಸಲಾಗಿರುವುದು ಆರು ಭಾಗಗಳಲ್ಲಿ ನಾಲ್ಕನೆಯದೊಂದು. ಐದನೆಯ ಭಾಗದಲ್ಲಿಯೂ ಕಾರಣದ ವಿಚಾರ ಬರುತ್ತದೆ, ನಿಜ. ಆದರೆ ಅಲ್ಲಿ ಕಾರಣವು ಹೊರಗಿನ ಲೋಕವನ್ನು ಬಿಟ್ಟು ಜೀವಕೋಶದ ಗರ್ಭವನ್ನು ಹೊಕ್ಕಿರುತ್ತದೆ. ನಮ್ಮ ವಂಶಸೂತ್ರಗಳ ವಿಕಾರವೇ ಅರ್ಬುದ ಎಂಬ ಸಿದ್ಧಾಂತವು ಸತ್ಯವಾದುದು. ಆದರೂ ವಿಕಾರವು ಏತರಿಂದ ಬಂತು, ಆ ಹೊಗೆ ಯಾರ ಒಲೆಯದು, ಆ ಧೂಳು ಯಾರ ಕಾರ್ಖಾನೆಯದು ಎಂಬ ಪ್ರಶ್ನೆಗಳು ಆ ಸೂಕ್ಷ್ಮಲೋಕದಲ್ಲಿ ಕೇಳಿಸದೆ ಹೋಗುತ್ತವೆ. ಗ್ರಂಥವು ಮುಗಿಯುವುದು ಮತ್ತೆ ಔಷಧಗಳಿಂದಲೇ.

ಇಷ್ಟು ವಿಸ್ತಾರವಾದ ದೃಷ್ಟಿಯುಳ್ಳವರು ಹೀಗೇಕೆ ಮಾಡಿದರು? ಉತ್ತರವು ವಸ್ತುವಿನ ಸ್ವಭಾವದಲ್ಲಿದೆ ಎಂದು ನಮಗೆ ತೋರುತ್ತದೆ. ಚಿಕಿತ್ಸೆಯಿಂದ ಬದುಕಿದವನಿಗೆ ಹೆಸರುಂಟು; ತಾನು ಬದುಕಿದೆನೆಂದು ಅವನಿಗೇ ಗೊತ್ತುಂಟು. ರೋಗವೇ ಬಾರದಂತೆ ತಪ್ಪಿದವನು ಯಾರು? ಅವನನ್ನು ಯಾರೂ ಬಲ್ಲವರಿಲ್ಲ. ಅವನೂ ತನ್ನನ್ನು ಬಲ್ಲವನಲ್ಲ. ಡಾಲ್ ಮತ್ತು ಹಿಲ್ ಎಂಬ ವಿದ್ವಾಂಸರು ೧೯೫೦ರಲ್ಲಿ ಲಂಡನ್ನಿನ ಆಸ್ಪತ್ರೆಗಳಿಂದ ಸಂಗ್ರಹಿಸಿ ಪ್ರಕಟಿಸಿದ ಪಟ್ಟಿಯಲ್ಲಿ ಶ್ವಾಸಕೋಶದ ಅರ್ಬುದವುಳ್ಳ ೬೪೯ ಗಂಡಸರಿದ್ದರು. ಅವರಲ್ಲಿ ಹೊಗೆಬತ್ತಿಯ ಅಭ್ಯಾಸವಿಲ್ಲದವರು ಇಬ್ಬರು ಮಾತ್ರ. ಈ ಎರಡು ಸಂಖ್ಯೆಗಳು ಎಷ್ಟೋ ಔಷಧಗಳಿಗಿಂತ ಹೆಚ್ಚು ಪ್ರಾಣಗಳನ್ನು ಉಳಿಸಿವೆ ಎಂದರೆ ಉತ್ಪ್ರೇಕ್ಷೆಯಲ್ಲ. ಆದರೆ ಉಳಿದ ಆ ಪ್ರಾಣಗಳಲ್ಲಿ ಒಂದಕ್ಕಾದರೂ ಮುಖವಿಲ್ಲ. ಮುಖವಿಲ್ಲದುದಕ್ಕೆ ಆಲಂಬನವಿಭಾವವಾಗುವ ಯೋಗ್ಯತೆಯಿಲ್ಲ, ಆಲಂಬನವಿಲ್ಲದೆ ರಸವಿಲ್ಲ.

ಈ ತೊಡಕನ್ನು ಮುಖರ್ಜಿಯವರು ಒಂದೆಡೆ ಗೆದ್ದಿದ್ದಾರೆ. ಎವಾರ್ಟ್ಸ್ ಗ್ರಹಾಂ ಎಂಬ ಅಮೆರಿಕದ ಶಸ್ತ್ರವೈದ್ಯರು ೧೯೩೩ರಲ್ಲಿ ಅರ್ಬುದರೋಗಿಯೊಬ್ಬನ ಒಂದು ಶ್ವಾಸಕೋಶವನ್ನು ಪೂರ್ತಿಯಾಗಿ ತೆಗೆದು ಅವನನ್ನು ಉಳಿಸಿದವರು. ಅವರು ಸ್ವತಃ ಹೊಗೆ ಸೇದುತ್ತಿದ್ದರು. ಹೊಗೆಯೇ ಕಾರಣವೆಂಬ ಮಾತನ್ನು ಮೊದಲು ನಂಬಲಿಲ್ಲ. ತರುಣ ವಿದ್ಯಾರ್ಥಿ ವಿಂಡರ್ ಅವರೊಡನೆ ಸೇರಿ ತಾವೇ ಲೆಕ್ಕ ಹಾಕಿ ೧೯೫೦ರಲ್ಲಿ ಅದನ್ನು ಪ್ರಕಟಿಸಿದರು, ಅಭ್ಯಾಸವನ್ನು ಬಿಟ್ಟರು. ೧೯೫೭ರಲ್ಲಿ ಶ್ವಾಸಕೋಶದ ಅರ್ಬುದದಿಂದಲೇ ತೀರಿಕೊಂಡರು. ಅವರು ಉಳಿಸಿದ ರೋಗಿ ಅವರಿಗಿಂತ ಹೆಚ್ಚು ಕಾಲ ಬದುಕಿದನು. ಇಲ್ಲಿ ಸಂಖ್ಯೆಗೆ ಮುಖ ಬಂದಿತು. ಗ್ರಂಥದ ಅತ್ಯುತ್ತಮ ಪುಟಗಳಲ್ಲಿ ಇವು ಸೇರುತ್ತವೆ.

೩

ಕಾರ್ಸನ್ ಅವರ ಗ್ರಂಥವು ಇದಕ್ಕೆ ವಿಪರ್ಯಯವಾದುದು. ಕೀಟನಾಶಕಗಳನ್ನು ವಿವೇಚನೆಯಿಲ್ಲದೆ ಸುರಿಯುವುದರ ಮೇಲೆ ಹೂಡಿದ ಅಭಿಯೋಗವಾದುದರಿಂದ ಅದರಲ್ಲಿ ಆದ್ಯಂತವಾಗಿ ನಿದಾನವೇ ವಸ್ತು. ಹದಿನಾಲ್ಕನೆಯ ಅಧ್ಯಾಯದ ಹೆಸರು ‘ನಾಲ್ವರಲ್ಲಿ ಒಬ್ಬರು’. ಅಮೆರಿಕದ ಜನರಲ್ಲಿ ಅರ್ಬುದಕ್ಕೆ ತುತ್ತಾಗುವವರ ಪ್ರಮಾಣವನ್ನು ಅದು ಸೂಚಿಸುತ್ತದೆ. ಲಂಡನ್ನಿನ ಪರ್ಸಿವಲ್ ಪಾಟ್ ಎಂಬ ವೈದ್ಯರು ೧೭೭೫ರಲ್ಲಿ ಚಿಮಣಿ ಗುಡಿಸುವವರ ಅರ್ಬುದಕ್ಕೆ ಮಸಿಯೇ ಕಾರಣವೆಂದು ಗುರುತಿಸಿದುದರಿಂದ ಹಿಡಿದು, ಸೈಲೀಸಿಯದ ರೈಖನ್‌ಸ್ಟೈನ್ ಪಟ್ಟಣದ ನೀರಿನಲ್ಲಿ ಸೇರಿದ್ದ ಪಾಷಾಣದ ವೃತ್ತಾಂತದವರೆಗೆ ಹಳೆಯ ನಿದರ್ಶನಗಳನ್ನು ಜೋಡಿಸಿ, ಅನಂತರ ತಮ್ಮ ಕಾಲದ ಹೊಸ ರಸಾಯನಗಳಿಗೆ ಬರುತ್ತಾರೆ. ವಾಕ್ಯಗಳು ಸರಳ, ಕೋಪವು ಹಿಡಿತದಲ್ಲಿದೆ. ಈಗಾಗಲೇ ರೋಗ ಬಂದಿರುವವರಿಗಾಗಿ ಚಿಕಿತ್ಸೆಯ ಸಂಶೋಧನೆ ನಡೆಯಲೇಬೇಕು. ಇನ್ನೂ ರೋಗ ತಗಲದವರಿಗಾಗಿಯೂ ಮುಂದೆ ಹುಟ್ಟುವವರಿಗಾಗಿಯೂ ಕಾರಣವನ್ನು ತೊಲಗಿಸಬೇಕು ಎಂಬುದು ಅಧ್ಯಾಯದ ಸಾರ. ಸಂಹಿತೆಯ ನಿದಾನಪರಿವರ್ಜನವು ಇಲ್ಲಿ ಬೇರೊಂದು ನಾಡಿನಲ್ಲಿ, ಬೇರೊಂದು ದಾರಿಯಿಂದ ಮರಳಿ ಬಂದಂತಿದೆ.

ಕಾರಣವನ್ನು ಕಥೆಯಾಗಿಸುವ ಕಷ್ಟವು ಕಾರ್ಸನ್ ಅವರಿಗೂ ತಪ್ಪಲಿಲ್ಲ. ಅದಕ್ಕಾಗಿ ಅವರು ಅಧ್ಯಾಯದ ನಡುವೆ ವ್ಯಕ್ತಿಗಳ ವೃತ್ತಾಂತಗಳನ್ನು ತರುತ್ತಾರೆ. ಜೇಡರಹುಳುಗಳನ್ನು ಕಂಡರೆ ಹೇಸುತ್ತಿದ್ದ ಗೃಹಿಣಿಯೊಬ್ಬಳು ಮನೆಯ ನೆಲಮಾಳಿಗೆಯಲ್ಲಿ ಡಿ.ಡಿ.ಟಿ. ಕೂಡಿದ ದ್ರವವನ್ನು ಮೂರು ಸಲ ಸಿಂಪಡಿಸಿ, ಪ್ರತಿಸಲವೂ ಕಾಯಿಲೆ ಬಿದ್ದು, ಕೊನೆಗೆ ತೀವ್ರವಾದ ಲ್ಯುಕೇಮಿಯದಿಂದ ಸತ್ತಳೆಂಬುದು ಅವುಗಳಲ್ಲಿ ಒಂದು. ಓದಿದವರು ಇದನ್ನು ಮರೆಯುವುದಿಲ್ಲ. ಆದರೆ ಇದು ಪ್ರಮಾಣವಲ್ಲ. ಒಂದರ ಹಿಂದೆ ಒಂದು ನಡೆದುದರಿಂದಲೇ ಮೊದಲನೆಯದು ಎರಡನೆಯದಕ್ಕೆ ಕಾರಣವಾಗದೆಂಬುದು ನ್ಯಾಯಶಾಸ್ತ್ರದ ಮೊದಲ ಪಾಠ. ಕಾಕತಾಳೀಯವೆಂದು ನಾವು ಕರೆಯುವುದು ಇದನ್ನೇ. ಅರ್ಬುದವು ಸಾಮಾನ್ಯವಾಗಿ ವರ್ಷಗಟ್ಟಲೆ ಬೆಳೆಯುವ ವ್ಯಾಧಿಯಾದುದರಿಂದ ಕೆಲವೇ ವಾರಗಳ ಅಂತರವುಳ್ಳ ಇಂಥ ಕಥೆಯು ಸಂಶಯಕ್ಕೆ ಇನ್ನಷ್ಟು ಅವಕಾಶ ಕೊಡುತ್ತದೆ. ಜೀವಕೋಶದ ಉಸಿರಾಟ ಕೆಡುವುದೇ ಅರ್ಬುದದ ಮೂಲವೆಂಬ ವಾರ್ಬರ್ಗ್ ಅವರ ಸಿದ್ಧಾಂತದ ಮೇಲೆ ಅವರು ಇಟ್ಟ ಭರವೂ ಮುಂದಿನ ಸಂಶೋಧನೆಯಿಂದ ಸಡಿಲವಾಯಿತು. ಡಿ.ಡಿ.ಟಿ.ಯ ಬಗೆಗಾದರೋ, ಲಿಯೋನ್ ನಗರದ ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು ೨೦೧೫ರಲ್ಲಿ ಅದನ್ನು ‘ಸಂಭವನೀಯ’ ಕಾರಣಗಳ ವರ್ಗದಲ್ಲಿ ಸೇರಿಸಿದೆ. ನಿಶ್ಚಿತ ಕಾರಣಗಳ ವರ್ಗದಲ್ಲಿ ಅಲ್ಲ. ಕಾರ್ಸನ್ ಅವರ ಶಂಕೆ ನಿರಾಧಾರವಾಗಿರಲಿಲ್ಲ. ಅವರ ದೃಷ್ಟಾಂತ ಮಾತ್ರ ದುರ್ಬಲವಾಗಿತ್ತು.

ಇಲ್ಲಿ ಗ್ರಂಥದ ಹೊರಗಿನ ಸಂಗತಿಯೊಂದನ್ನು ಹೇಳಬೇಕಾಗಿದೆ. ಈ ಅಧ್ಯಾಯವನ್ನು ಬರೆಯುತ್ತಿದ್ದಾಗ ಕಾರ್ಸನ್ ಅವರಿಗೇ ಸ್ತನಾರ್ಬುದವಿತ್ತು. ೧೯೬೦ರಲ್ಲಿ ಶಸ್ತ್ರಕ್ರಿಯೆಯಾಯಿತು, ರೋಗದ ನಿಜಸ್ಥಿತಿಯನ್ನು ಶಸ್ತ್ರವೈದ್ಯರು ಅವರಿಗೆ ತಿಳಿಸಲಿಲ್ಲ, ತಿಂಗಳುಗಳ ಮೇಲೆ ಬೇರೊಬ್ಬ ವೈದ್ಯರಿಂದ ತಿಳಿಯಿತು. ವಿಕಿರಣ ಚಿಕಿತ್ಸೆಗೆ ಒಳಗಾಗುತ್ತಲೇ ಗ್ರಂಥವನ್ನು ಮುಗಿಸಿದರು. ೧೯೬೪ರ ಏಪ್ರಿಲ್ ೧೪ರಂದು, ೫೬ನೆಯ ವಯಸ್ಸಿನಲ್ಲಿ ತೀರಿಕೊಂಡರು. ವಿರೋಧಿಗಳು ‘ರೋಗಿಷ್ಠೆಯ ಪಕ್ಷಪಾತ’ ಎಂದು ಅದನ್ನು ತಳ್ಳಿಹಾಕುವರೆಂದು ತಮ್ಮ ವ್ಯಾಧಿಯನ್ನು ಅವರು ಲೋಕಕ್ಕೆ ತಿಳಿಯಗೊಡಲಿಲ್ಲ. ಗ್ರಂಥದಲ್ಲಿ ಅದರ ಸುಳಿವೇ ಇಲ್ಲ.

ಈ ಮೌನವನ್ನು ಕೆಲವರು ಧೈರ್ಯವೆಂದು ಮೆಚ್ಚುವರು. ಕೆಲವರು ನಷ್ಟವೆಂದು ಭಾವಿಸುವರು. ವಿಮರ್ಶೆಯ ದೃಷ್ಟಿಯಿಂದ ಅದು ಔಚಿತ್ಯವೆಂದೇ ನಮ್ಮ ಅಭಿಪ್ರಾಯ. ಅವರ ವ್ಯಾಧಿಯು ಕೀಟನಾಶಕದಿಂದ ಬಂದುದೆಂದು ತೋರಿಸಲು ಆಧಾರವಿರಲಿಲ್ಲ. ಹೇಳಿದ್ದರೆ ವಾಚಕರು ಕರಗುತ್ತಿದ್ದರು, ಆದರೆ ವಾದವು ಒಂದು ಅಂಗುಲವೂ ಮುಂದೆ ಹೋಗುತ್ತಿರಲಿಲ್ಲ. ತಮ್ಮ ದುಃಖವನ್ನು ಸಾಕ್ಷಿಯ ಪೀಠಕ್ಕೆ ಹತ್ತಿಸದಿದ್ದ ಈ ಸಂಯಮವು ಆ ಗೃಹಿಣಿಯ ವಿಷಯದಲ್ಲಿಯೂ ಇದ್ದಿದ್ದರೆ ಅಧ್ಯಾಯವು ಇನ್ನೂ ಬಲವಾಗುತ್ತಿತ್ತು. ಸ್ವಂತಕ್ಕೆ ಹಾಕಿಕೊಂಡ ಅಳತೆಗೋಲನ್ನು ಪರರ ಕಥೆಗೆ ಹಾಕಲಿಲ್ಲವೆಂಬುದೇ ಈ ಮಹಾಗ್ರಂಥದ ಮೇಲೆ ನಾವು ಹೊರಿಸಬಹುದಾದ ಮುಖ್ಯದೋಷ.

೪

ಎರಡು ಗ್ರಂಥಗಳನ್ನೂ ಓದುವವರು ಒಂದು ಪದದಲ್ಲಿ ಎಡವುವ ಸಂಭವವಿದೆ. ಅದನ್ನು ಇಲ್ಲಿಯೇ ವಿವರಿಸುವುದು ಲೇಸು. ಆ ಪದವು ‘ಪರಿಸರ’. ಅರ್ಬುದಗಳಲ್ಲಿ ಬಹುಭಾಗವು ಪರಿಸರದಿಂದ ಬರುವುದೆಂದು ಸಂಖ್ಯಾಶಾಸ್ತ್ರಜ್ಞರು ಹೇಳಿದಾಗ ಜನಸಾಮಾನ್ಯರು ಕಾರ್ಖಾನೆಯ ಹೊಗೆಯನ್ನೂ ಹೊಳೆಗೆ ಬಿಟ್ಟ ವಿಷವನ್ನೂ ನೆನೆಯುತ್ತಾರೆ. ಶಾಸ್ತ್ರದಲ್ಲಿ ಆ ಪದದ ಅರ್ಥವು ಬಹಳ ವಿಶಾಲ: ವಂಶದಿಂದ ಬಾರದ ಎಲ್ಲವೂ ಪರಿಸರವೇ. ಆಹಾರ, ಹೊಗೆಬತ್ತಿ, ಮದ್ಯ, ಸೋಂಕು, ಬಿಸಿಲು, ಹೆರಿಗೆಗಳ ಸಂಖ್ಯೆ ಇವೆಲ್ಲವೂ ಅದರೊಳಗೆ ಅಡಕ. ಜಪಾನಿನಿಂದ ಅಮೆರಿಕಕ್ಕೆ ವಲಸೆಹೋದವರ ಸಂತತಿಯಲ್ಲಿ ಜಠರದ ಅರ್ಬುದ ಕಡಮೆಯಾಗಿ ಕರುಳಿನ ಅರ್ಬುದ ಹೆಚ್ಚಿತು. ರಕ್ತ ಅದೇ, ನೆಲವೂ ಊಟವೂ ಬೇರೆ. ಇಂಥ ಆಧಾರಗಳ ಮೇಲೆ ಮೊದಲ ಮಾತನ್ನು ಹೇಳಿದ ಜಾನ್ ಹಿಗಿನ್‌ಸನ್ ಅವರು, ಲಿಯೋನ್ ಸಂಸ್ಥೆಯ ಪ್ರಥಮ ನಿರ್ದೇಶಕರಾಗಿದ್ದವರು, ತಮ್ಮ ಮಾತನ್ನು ಜನರು ಸಂಕುಚಿತಾರ್ಥದಲ್ಲಿ ಹಿಡಿದರೆಂದು ಮುಂದೆ ವಿಷಾದಪಟ್ಟರು.

ಡಾಲ್ ಮತ್ತು ಪೀಟೊ ಎಂಬವರು ೧೯೮೧ರಲ್ಲಿ ಅಮೆರಿಕದ ಅರ್ಬುದಮರಣಗಳನ್ನು ಕಾರಣಾನುಸಾರವಾಗಿ ಹಂಚಿ ತೋರಿಸಿದ ಅಂದಾಜಿನಲ್ಲಿ ತಂಬಾಕಿಗೆ ನೂರಕ್ಕೆ ೩೦, ಆಹಾರಕ್ಕೆ ೩೫, ಕಸುಬಿಗೆ ೪, ಮಾಲಿನ್ಯಕ್ಕೆ ೨ ಭಾಗ ಬಂದಿದೆ. ಆಹಾರದ ಭಾಗವು ಬಹಳ ಅನಿಶ್ಚಿತವೆಂದು ಅವರೇ ಎಚ್ಚರಿಸಿದ್ದಾರೆ. ಈ ಅಂಕಿಗಳನ್ನು ಹಿಡಿದು ಕಾರ್ಸನ್ ಅವರ ವಾದವು ಬಿತ್ತೆಂದು ಹೇಳುವವರುಂಟು. ಅದು ಸರಿಯಲ್ಲ. ಹೊಗೆ ಸೇದುವವನು ತಾನೇ ಕೈಯಾರೆ ಬತ್ತಿ ಹಚ್ಚುತ್ತಾನೆ. ಕಲ್ನಾರಿನ ಗಣಿಯ ಬಳಿ ಹುಟ್ಟಿದ ಮಗುವು ಉಸಿರನ್ನು ಆರಿಸಿಕೊಳ್ಳಲಾರದು. ದಕ್ಷಿಣ ಆಫ್ರಿಕದ ವಾಯವ್ಯ ಕೇಪ್ ಪ್ರಾಂತದಲ್ಲಿ ವ್ಯಾಗ್ನರ್ ಮತ್ತು ಅವರ ಸಹೋದ್ಯೋಗಿಗಳು ೧೯೬೦ರಲ್ಲಿ ವರದಿಮಾಡಿದ ೩೩ ರೋಗಿಗಳಲ್ಲಿ ಗಣಿಯಲ್ಲಿ ಕೆಲಸ ಮಾಡದೆ ಬರಿಯ ಆ ನೆರೆಯಲ್ಲಿ ಬಾಳಿದವರೂ ಇದ್ದರು. ನೂರಕ್ಕೆ ಎರಡೆಂಬ ಭಾಗವು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಪ್ರತೀಕಾರ ಮಾಡಲಾರದವರ ಮೇಲೆಯೇ ಬೀಳುತ್ತದೆ. ಊರ ಹೊರಗಾಳಿಯ ಮಾಲಿನ್ಯವನ್ನೇ ಅರ್ಬುದದ ನಿಶ್ಚಿತ ಕಾರಣವೆಂದು ಲಿಯೋನ್ ಸಂಸ್ಥೆ ಘೋಷಿಸಿದುದು ೨೦೧೩ರಲ್ಲಿ.

ಇನ್ನೊಂದು ಸಂಗತಿಯೂ ವಿಚಾರಾರ್ಹ. ಪಾಟ್ ಅವರು ಮಸಿಯನ್ನು ಗುರುತಿಸಿದುದು ೧೭೭೫ರಲ್ಲಿ. ಅವರ ಔಷಧವೇನೂ ಹೊಸದಾಗಿರಲಿಲ್ಲ. ಬೇಕಾಗಿದ್ದುದು ಹುಡುಗರನ್ನು ಚಿಮಣಿಯೊಳಗೆ ಹತ್ತಿಸದಿರುವುದು ಮಾತ್ರ. ೧೭೮೮ರಲ್ಲಿ ಒಂದು ಶಾಸನವಾಯಿತು, ಅದು ನಡೆಯಲಿಲ್ಲ. ನಿಜವಾಗಿ ಪರಿಣಾಮಕಾರಿಯಾದ ಶಾಸನ ಬಂದುದು ೧೮೭೫ರಲ್ಲಿ. ನಿದಾನಕ್ಕೂ ಪರಿವರ್ಜನಕ್ಕೂ ನಡುವೆ ನೂರು ವರ್ಷ. ನಮ್ಮ ಜನ ‘ನಿದಾನ’ವನ್ನು ‘ನಿಧಾನ’ವೆಂದು ತಪ್ಪಾಗಿ ಉಚ್ಚರಿಸುವುದುಂಟು, ಈ ಸಂದರ್ಭದಲ್ಲಿ ಆ ತಪ್ಪೇ ಅರ್ಥವತ್ತಾಗಿದೆ. ಇಷ್ಟು ನಿಧಾನವಾದುದನ್ನು ಕಥೆ ಮಾಡುವುದು ಹೇಗೆ?

೫

ಈ ಪ್ರಶ್ನೆಗೆ ಉತ್ತರದ ಒಂದು ಭಾಗವು ‘ಕ್ಯಾನ್ಸರ್ ವಾರ್ಡಿ’ನಲ್ಲಿದೆ, ಕೊನೆಯಲ್ಲಿ ಅದನ್ನಿಟ್ಟುಕೊಂಡುದು ಇದಕ್ಕಾಗಿಯೇ. ಸೋಲ್ಜೆನಿತ್ಸಿನ್ ೧೯೫೪ರಲ್ಲಿ ತಾಷ್ಕೆಂಟಿನ ಆಸ್ಪತ್ರೆಯಲ್ಲಿ ಅರ್ಬುದಕ್ಕೆ ಚಿಕಿತ್ಸೆ ಪಡೆದವರು. ಕಾದಂಬರಿಯ ನಾಯಕನಾದ ಕೋಸ್ತೊಗ್ಲೋತೊವ್ ಸೆರೆಯಿಂದ ಹೊರಬಂದು ಗಡೀಪಾರಿನಲ್ಲಿರುವವನು. ಕ್ಷ-ಕಿರಣದಿಂದ ಅವನಿಗೆ ಗುಣ ಕಾಣುತ್ತದೆ. ಆದರೆ ತನ್ನ ಶರೀರಕ್ಕೆ ಏನು ಮಾಡುತ್ತಿದ್ದಾರೆಂಬುದನ್ನು ತಿಳಿಯುವ ಹಕ್ಕು ತನಗುಂಟೆಂದು ವಾದಿಸುತ್ತಾನೆ. ಕೊಡುತ್ತಿರುವ ಹಾರ್ಮೋನು ತನ್ನ ಪುರುಷತ್ವವನ್ನು ಕಳೆಯುವುದೆಂಬುದು ವೈದ್ಯರಿಂದಲ್ಲ, ದಾದಿಯಿಂದ ಅವನಿಗೆ ತಿಳಿಯುತ್ತದೆ. ಪ್ರಾಯೋಗಿಕ ಚಿಕಿತ್ಸೆಯ ಧರ್ಮಸಂಕಟವನ್ನು ರೋಗಿಯ ಕಡೆಯಿಂದ ಇಷ್ಟು ನಿಷ್ಠುರವಾಗಿ ಹೇಳಿದ ಕಾದಂಬರಿ ಅಪೂರ್ವ.

ಆದರೆ ನಮ್ಮ ವಿಚಾರಕ್ಕೆ ಮುಖ್ಯವಾದ ಪಾತ್ರವು ಅವನಲ್ಲ. ವಿಕಿರಣ ವಿಭಾಗದ ಮುಖ್ಯ ವೈದ್ಯೆಯಾದ ದೊಂತ್ಸೋವ. ಆಕೆ ದಕ್ಷೆ, ಪ್ರಾಮಾಣಿಕೆ. ರೋಗಿಯ ಹಿತವನ್ನು ರೋಗಿಗಿಂತ ತಾನು ಚೆನ್ನಾಗಿ ಬಲ್ಲೆನೆಂದು ನಂಬಿದವಳು. ವರ್ಷಗಳ ಹಿಂದೆ ಕಿರಣ ತಗಲಿಸಿಕೊಂಡು ಗುಣವಾಗಿ ಹೋದವರು ಈಗ ಹೊಸ ವಿಕಾರಗಳನ್ನು ಹೊತ್ತು ಮರಳಿ ಬರುತ್ತಿರುವುದನ್ನು ಆಕೆ ಕಂಡಿದ್ದಾಳೆ. ಆ ಯಂತ್ರಗಳ ನಡುವೆ ಮಿತಿಮೀರಿ ದುಡಿದಿದ್ದಾಳೆ. ಕೊನೆಗೆ ಹೊಟ್ಟೆಯ ನೋವು ತನ್ನದೇ ಕಸುಬಿನ ವ್ಯಾಧಿಯೆಂಬ ಅನುಮಾನ ಬಲವಾಗಿ, ತನ್ನ ವೃದ್ಧ ಗುರುವಿನ ಮನೆಯ ಬಾಗಿಲಿಗೆ ರೋಗಿಯಾಗಿ ಹೋಗುತ್ತಾಳೆ. ಚಿಕಿತ್ಸೆಯ ಸಾಧನವೇ ವ್ಯಾಧಿಯ ಪರಿಸರ. ಎರಡೂ ಒಂದೇ ಶರೀರದಲ್ಲಿ ಸೇರಿವೆ. ಮುಖರ್ಜಿಯವರಿಗೆ ಗ್ರಹಾಂ ಅವರಲ್ಲಿ ಚರಿತ್ರೆಯಿಂದ ದೊರೆತುದನ್ನು ಸೋಲ್ಜೆನಿತ್ಸಿನ್ ಕಲ್ಪನೆಯಿಂದ ಸಾಧಿಸಿದ್ದಾರೆ. ನಿಧಾನವಾದ ಕಾರಣಕ್ಕೆ ಕಾಲವನ್ನು ಒದಗಿಸಿಕೊಡಬಲ್ಲ ರೂಪವು ಕಾದಂಬರಿ: ಇಡೀ ಒಂದು ಬಾಳು ಅದರಲ್ಲಿ ಅಡಕವಾಗಬಲ್ಲದು.

ಇದೇ ಕಾದಂಬರಿಯಲ್ಲಿ ವಿನೋದವೂ ವಿಷಾದವೂ ಬೆರೆತ ಪ್ರಸಂಗವೊಂದಿದೆ. ಚಹದ ಹಣವನ್ನು ಉಳಿಸಲು ಭೂರ್ಜವೃಕ್ಷದ ಅಣಬೆಯನ್ನು ಕುದಿಸಿ ಕುಡಿಯುವ ರೈತರಲ್ಲಿ ಅರ್ಬುದ ಕಾಣುವುದಿಲ್ಲವೆಂದು ಹಳ್ಳಿಯ ವೈದ್ಯರೊಬ್ಬರು ಕಂಡುಕೊಂಡರೆಂದು ಕೋಸ್ತೊಗ್ಲೋತೊವ್ ವಾರ್ಡಿನಲ್ಲಿ ಹೇಳುತ್ತಾನೆ. ಕೂಡಲೆ ಹಾಸಿಗೆಗಳೆಲ್ಲ ಎದ್ದು ಕುಳಿತಂತಾಗುತ್ತದೆ. ಅದು ಎಲ್ಲಿ ದೊರೆಯುತ್ತದೆ, ಬೆಲೆಯೆಷ್ಟೆಂದು ಎಲ್ಲರೂ ಕೇಳುತ್ತಾರೆ. ಜನಜೀವನವನ್ನು ನೋಡಿ ಮಾಡಿದ ಒಂದು ನಿದಾನಸಂಬಂಧವಾದ ಊಹೆ ಒಂದು ಗಳಿಗೆಯಲ್ಲಿ ಔಷಧವಾಗಿ ಮಾರ್ಪಟ್ಟಿತು. ಸಾಯುತ್ತಿರುವವನಿಗೆ ಕಾರಣ ಬೇಡ, ಮದ್ದು ಬೇಕು. ಚಿಕಿತ್ಸೆಯ ಕಥೆಗೆ ಇರುವ ಆಕರ್ಷಣೆಯ ಗುಟ್ಟನ್ನು ಇದಕ್ಕಿಂತ ಚೆನ್ನಾಗಿ ತೋರಿಸಲಾಗದು; ಅದನ್ನು ಹಳಿಯುವ ಅಧಿಕಾರವೂ ಆರೋಗ್ಯವಂತರಾದ ನಮಗಿಲ್ಲ.

೬

ಪರಕೀಯ ಗ್ರಂಥಗಳ ಈ ವಿಚಾರದಿಂದ ನಮಗೇನು ಪ್ರಯೋಜನವೆಂದು ಕೇಳಬಹುದು. ನಿದಾನದ ಕಥೆಯಲ್ಲಿ ನಮ್ಮ ದೇಶಕ್ಕೆ ದೊಡ್ಡ ಪಾಲಿದೆ. ಫಾರ್ಬರ್ ಅವರ ಔಷಧದ ಬುಡವನ್ನೇ ಹುಡುಕುತ್ತ ಹೋದರೆ ನಾವು ಬೊಂಬಾಯಿಯನ್ನು ಮುಟ್ಟುತ್ತೇವೆ: ಫೋಲಿಕ್ ಆಮ್ಲದ ಶೋಧಕ್ಕೆ ದಾರಿಯಾದುದು ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ೧೯೨೮ರಿಂದ ಈಚೆಗೆ ಅಲ್ಲಿಯ ಬಡ ಗರ್ಭಿಣಿಯರ ರಕ್ತಹೀನತೆಗೆ ಆಹಾರದ ಕೊರತೆಯೇ ಕಾರಣವೆಂದು ಕಂಡುಕೊಂಡುದು. ನಿದಾನವೇ ಚಿಕಿತ್ಸೆಯ ತಾಯಿಯಾಯಿತು. ಕಾಶ್ಮೀರದ ಜನ ಚಳಿಗಾಗಿ ನಿಲುವಂಗಿಯೊಳಗೆ ಇಟ್ಟುಕೊಳ್ಳುವ ಕಾಂಗ್ರಿಯ ಕಾವಿನಿಂದ ಚರ್ಮದ ಅರ್ಬುದ ಹುಟ್ಟುವುದನ್ನು ಅರ್ನೆಸ್ಟ್ ನೀವ್ ೧೯೨೩ರಲ್ಲಿ ಬರೆದರು. ತಿರುವಾಂಕೂರಿನಲ್ಲಿ ತಾಂಬೂಲ ಜಗಿಯುವವರ ಬಾಯಿಯ ಅರ್ಬುದವನ್ನು ಕುರಿತು ಆರ್ ಎಂಬ ವೈದ್ಯರ ಲೇಖನವು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದುದು ೧೯೩೩ರಲ್ಲಿ. ಬೊಂಬಾಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಖಾನೋಲ್ಕರ್ ಮತ್ತು ಸೂರ್ಯಾಬಾಯಿ ಅವರು ೧೯೪೫ರಲ್ಲಿ ನಮ್ಮ ರೂಢಿಗಳಿಂದ ಬರುವ ಮೂರು ಬಗೆಯ ಅರ್ಬುದಗಳನ್ನು ವರ್ಣಿಸಿದರು: ತುಟಿಯಲ್ಲಿ ಖೈನಿಯಿಂದ, ಅಂಗುಳಿನಲ್ಲಿ ಉರಿಯುವ ತುದಿಯನ್ನು ಬಾಯೊಳಗಿಟ್ಟು ಸೇದುವ ಚುಟ್ಟದಿಂದ, ಸೊಂಟದಲ್ಲಿ ಬಿಗಿಯಾಗಿ ಉಡುವ ಧೋತರದಿಂದ. ‘ರೂಢಿ’ ಎಂಬ ಪದವೇ ಆ ಲೇಖನದ ಶಿರೋನಾಮದಲ್ಲಿರುವುದು ಮನನೀಯ. ಕಾರಣವು ಹೊರಗಿನ ಶತ್ರುವಲ್ಲ. ನಾವು ಪ್ರೀತಿಯಿಂದ ಉಟ್ಟದ್ದು, ಮೆದ್ದದ್ದು.

ಈ ಮಾತು ಕರ್ಣಾಟಕಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ತಾಂಬೂಲವು ನಮ್ಮ ಕಾವ್ಯಗಳಲ್ಲಿ ಭೋಗಗಳಲ್ಲೊಂದು; ನಮ್ಮ ಮದುವೆಗಳಲ್ಲಿ ಒಪ್ಪಂದದ ಮುದ್ರೆ; ವೀಳ್ಯ ಕೊಡುವುದೆಂದರೆ ಹೊಣೆ ಒಪ್ಪಿಸುವುದು. ದೇಶದಲ್ಲಿ ಅಡಿಕೆಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಬೆಳೆಯುವ ರಾಜ್ಯ ನಮ್ಮದು. ಮಲೆನಾಡಿನ ಮತ್ತು ಕರಾವಳಿಯ ಎಷ್ಟೋ ಮನೆಗಳ ಅನ್ನವೂ ಮಕ್ಕಳ ವಿದ್ಯೆಯೂ ಅದರಿಂದಲೇ ನಡೆದುಬಂದಿದೆ. ಲಿಯೋನ್ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಂಬಾಕು ಸೇರದ ತಾಂಬೂಲವನ್ನೂ, ಅಡಿಕೆಯನ್ನೇ ಪ್ರತ್ಯೇಕವಾಗಿಯೂ ಅರ್ಬುದದ ನಿಶ್ಚಿತ ಕಾರಣಗಳಲ್ಲಿ ಸೇರಿಸಿದೆ. ಬೆಳೆಗಾರರ ಪಕ್ಷದಿಂದ ಇದಕ್ಕೆ ಆಕ್ಷೇಪಗಳು ಬಂದಿವೆ. ಗುಟ್ಕವನ್ನು ಕರ್ಣಾಟಕ ಸರ್ಕಾರವು ೨೦೧೩ರಲ್ಲಿ ನಿಷೇಧಿಸಿತು. ಇವೆಲ್ಲವೂ ವರ್ತಮಾನಪತ್ರಿಕೆಗಳಲ್ಲಿ ಸುದ್ದಿಯಾಗಿ ಬಂದುಹೋದುವು.

ಸುದ್ದಿಯಾದುದು ಸಾಹಿತ್ಯವಾಗಬೇಕು. ಒಂದು ಅಡಿಕೆತೋಟದ ಮನೆತನ. ಎಲೆಯಡಿಕೆಯ ತಟ್ಟೆಯ ಮುಂದೆ ಕುಳಿತು ಮಾತಾಡಿದ ಮೂರು ತಲೆಮಾರು. ಬಾಯಿ ತೆರೆಯಲಾರದೆ ಕುಳಿತ ಒಬ್ಬ ಯಜಮಾನ. ಆ ತೋಟದ ಹಣದಿಂದಲೇ ವೈದ್ಯನಾದ ಮಗ. ನಿದಾನವೂ ಚಿಕಿತ್ಸೆಯೂ ಒಂದೇ ಮನೆಯಲ್ಲಿ ಸೇರುವ ಇಂಥ ವಸ್ತುವು ನಮ್ಮ ಕಾದಂಬರಿಕಾರರ ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಅದನ್ನು ಬರೆಯುವವರು ಮುಖರ್ಜಿಯವರಿಂದ ವೈಫಲ್ಯವನ್ನು ಮುಚ್ಚದ ಸತ್ಯನಿಷ್ಠೆಯನ್ನೂ, ಕಾರ್ಸನ್ ಅವರಿಂದ ತಮ್ಮ ದುಃಖವನ್ನು ತಡೆದಿಟ್ಟ ಸಂಯಮವನ್ನೂ, ಸೋಲ್ಜೆನಿತ್ಸಿನ್ ಅವರಿಂದ ಒಂದು ಬಾಳನ್ನು ಪೂರ್ತಿಯಾಗಿ ನೋಡುವ ತಾಳ್ಮೆಯನ್ನೂ ಕಲಿಯಬಹುದು. ಬೆಳೆದವನನ್ನು ಖಳನನ್ನಾಗಿಯೂ ಮಾಡಕೂಡದು. ಜಗಿದವನನ್ನು ಮೂರ್ಖನನ್ನಾಗಿಯೂ ಮಾಡಕೂಡದು. ಜೇಡರಹುಳುವಿನ ಕಥೆಯಂಥ ಸುಲಭವಾದ ದೃಷ್ಟಾಂತದಿಂದ ದೂರವಿರಬೇಕು.

ಉಪಾಧ್ಯಾಯರಾದವರು ಇಂಥ ಗ್ರಂಥಗಳನ್ನು ತರಗತಿಯಲ್ಲಿ ಓದಿಸುವಾಗ ಒಂದು ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದೆ ಇಡಬಹುದು: ಈ ಕಥೆಯಲ್ಲಿ ರೋಗಿಯಾಗದೆ ಉಳಿದವರು ಯಾರು? ಅದಕ್ಕೆ ಪುಸ್ತಕದೊಳಗೆ ಉತ್ತರ ದೊರೆಯದಿದ್ದರೆ ಅದು ಅವರ ದೋಷವಲ್ಲ. ಆದರೆ ಆ ಪ್ರಶ್ನೆಯನ್ನು ಒಮ್ಮೆ ಕೇಳಿಕೊಂಡವನು ಔಷಧದ ವಿಜಯವಾರ್ತೆಯನ್ನು ಓದುವ ರೀತಿಯೇ ಬೇರೆಯಾಗುವುದು. ಸಂಹಿತೆಯವರು ನಿದಾನಸ್ಥಾನವನ್ನು ಚಿಕಿತ್ಸಾಸ್ಥಾನಕ್ಕಿಂತ ಮೊದಲು ಇಟ್ಟುದು ಪ್ರಕರಣಗಳ ಅನುಕೂಲಕ್ಕಾಗಿ ಮಾತ್ರವಲ್ಲವೆಂದು ಅಂಥವನಿಗೆ ತಿಳಿಯುವುದು.